ಸರಿ ಉತ್ತರ ಎರಡಿದ್ದರೆ ಮಗು ಯಾವುದಕ್ಕೆ ಗುರುತು ಹಾಕಬೇಕು?



ಎಸ್.ಎಸ್.ಎಲ್.ಸಿ. ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಟಿ.ವಿ.ಯ ಸದ್ದು ಅಡಗುತ್ತದೆ. ಇಶಾ ನಮಾಝ್ ಮುಗಿದು, ಊಟದ ಸುಪ್ರ ಎತ್ತಿದ ಮೇಲೆ ಅದೇ ಜಾಗದಲ್ಲಿ ಅಭ್ಯಾಸದ ಪ್ರಶ್ನೆಪತ್ರಿಕೆಗಳು ಹರಡಿಕೊಳ್ಳುತ್ತವೆ. ಗಣಿತದ ಲೆಕ್ಕ ತಪ್ಪಿದರೆ ಮಕ್ಕಳು ಮತ್ತೊಮ್ಮೆ ಮಾಡುತ್ತಾರೆ. ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಬಹುದು. ವಿಜ್ಞಾನದಲ್ಲಿ ತಪ್ಪಿದರೆ ಪಠ್ಯಪುಸ್ತಕ ತೆರೆದು ನೋಡಬಹುದು. ಆದರೆ ವ್ಯಾಕರಣದ ಬಹು ಆಯ್ಕೆಯ ಪ್ರಶ್ನೆ ತಪ್ಪಿದಾಗ ಮಾತ್ರ ಮಗು ಪೆನ್ಸಿಲ್ ಎಸೆಯುತ್ತದೆ. "ನಾನು ಬರೆದದ್ದು ಯಾಕೆ ತಪ್ಪು ಉಮ್ಮಾ?" ಎಂದು ಕೇಳಿದರೆ ತಾಯಿಯ ಬಳಿ ಉತ್ತರವಿಲ್ಲ. ಗೈಡಿನ ಕೊನೆಯ ಪುಟದಲ್ಲೂ 'ಬಿ' ಎಂಬ ಒಂದಕ್ಷರದ ಹೊರತು ಬೇರೇನೂ ಇಲ್ಲ.

ಈ ತಿಂಗಳು ಅದರ ಬಗ್ಗೆಯೇ ಮಾತನಾಡೋಣ. ಕಾರಣವೂ ಇದೆ. ಕಾರ್ಕಳದ ಸಹೋದರಿಯೊಬ್ಬರು ಮಗಳ ಅಭ್ಯಾಸದ ಹಾಳೆಗಳನ್ನೇ ಮಡಚಿ ಪತ್ರದ ಜೊತೆ ಕಳುಹಿಸಿದ್ದಾರೆ. ಹತ್ತನೆಯ ತರಗತಿಯ ಹುಡುಗಿ. ನೆರೆಮನೆಯ ಅಜ್ಜಿಗೆ ಬರುವ ಪಂಚಾಯತ್‌ನ ಕಾಗದ ಓದಿ ಹೇಳುವುದು, ಅರ್ಜಿ ಬರೆದುಕೊಡುವುದು ಎಲ್ಲ ಅವಳೇ. ಆದರೆ ಇಂಗ್ಲಿಷ್ ವ್ಯಾಕರಣದ 20 ಪ್ರಶ್ನೆಗಳಲ್ಲಿ 11 ತಪ್ಪು! "ನನಗೆ ಭಾಷೆಯೇ ಬರುವುದಿಲ್ಲ, ನಾನು ಪರೀಕ್ಷೆಗೆ ಕೂರುವುದಿಲ್ಲ" ಎಂದು ಹಟ ಹಿಡಿದಿದ್ದಾಳಂತೆ. ಗಲ್ಫ್‌ನಲ್ಲಿರುವ ತಂದೆ ಫೋನಿನಲ್ಲಿ, "ಇಂಗ್ಲಿಷ್ ತಲೆಗೆ ಹತ್ತದಿದ್ದರೆ ಮುಂದೆ ಕಾಲೇಜಿಗೆ ಕಳಿಸಿ ಏನು ಪ್ರಯೋಜನ? ಮನೆಯಲ್ಲಿರಲಿ" ಎಂದಿದ್ದಾರೆ. "ನಾನು ಏಳನೆಯ ತರಗತಿ ಓದಿದವಳು ಟೀಚರ್, ಅವರಿಗೆ ಏನೆಂದು ಹೇಳಲಿ?" ಎಂಬುದು ತಾಯಿಯ ಪ್ರಶ್ನೆ.

ನೋಡಿದಿರಾ? ನಾಲ್ಕು ಆಯ್ಕೆಗಳ ಒಂದು ಪ್ರಶ್ನೆ ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ಟಿತು!

ಆ ಹಾಳೆಗಳನ್ನು ಇಟ್ಟುಕೊಂಡು ಒಂದೊಂದೇ ಪ್ರಶ್ನೆ ನೋಡುತ್ತಾ ಹೋದೆ. ತಪ್ಪೆಂದು ಕೆಂಪು ಗೆರೆ ಬಿದ್ದ ಹನ್ನೊಂದರಲ್ಲಿ ನಾಲ್ಕು ನಿಜಕ್ಕೂ ಹುಡುಗಿಗೆ ಗೊತ್ತಿಲ್ಲದವು. ಕರ್ಮಣಿ ಪ್ರಯೋಗ ಅವಳಿಗೆ ಇನ್ನೂ ಕೂಡಿಬಂದಿಲ್ಲ. ಮೂರು ಅವಸರದ ತಪ್ಪುಗಳು. ಇನ್ನುಳಿದ ನಾಲ್ಕು? ಅವುಗಳಲ್ಲಿ ತಪ್ಪಿದ್ದು ಹುಡುಗಿಯಲ್ಲ, ಪ್ರಶ್ನೆ. ಒಂದೋ ಎರಡು ಉತ್ತರ ಸರಿ, ಇಲ್ಲವೇ ಗೈಡಿನವರು ಕೊಟ್ಟ ಉತ್ತರವೇ ಸರಿಯಲ್ಲ.

ಒಂದನ್ನು ನಿಮಗೂ ತೋರಿಸುತ್ತೇನೆ. "ನನ್ ಆಫ್ ದಿ ಗರ್ಲ್ಸ್" ಎಂದು ಆರಂಭವಾಗುವ ವಾಕ್ಯ. ಬಿಟ್ಟ ಸ್ಥಳದಲ್ಲಿ 'ವಾಸ್' ಬರಬೇಕೋ 'ವರ್' ಬರಬೇಕೋ? ಹುಡುಗಿಯರಲ್ಲಿ ಯಾರೂ ಬಂದಿರಲಿಲ್ಲ ಎಂಬ ಅರ್ಥ. ಹಳೆಯ ಕಾಲದ ಮೇಷ್ಟ್ರುಗಳು 'ನನ್' ಎಂದರೆ 'ಒಬ್ಬಳೂ ಇಲ್ಲ', ಆದ್ದರಿಂದ ಏಕವಚನ ಎಂದು ಕಲಿಸಿದರು. ಆದರೆ ಒಳ್ಳೆಯ ಇಂಗ್ಲಿಷ್ ಬರೆಯುವವರು ಶತಮಾನಗಳಿಂದ ಎರಡನ್ನೂ ಬಳಸುತ್ತಾ ಬಂದಿದ್ದಾರೆ, ನಿಘಂಟುಗಳೂ ಎರಡನ್ನೂ ಒಪ್ಪುತ್ತವೆ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನ ಅಂಗಡಿಗಳಿಂದ ಎರಡು ಬೇರೆ ಬೇರೆ ಗೈಡ್ ತಂದು ನೋಡಿ. ಇಂಥದೊಂದು ಪ್ರಶ್ನೆಗೆ ಒಂದರಲ್ಲಿ 'ವಾಸ್', ಇನ್ನೊಂದರಲ್ಲಿ 'ವರ್' ಕಂಡರೆ ಆಶ್ಚರ್ಯಪಡಬೇಡಿ. ಮಗು ಯಾರನ್ನು ನಂಬಬೇಕು?

ಇನ್ನೊಂದು ಬಗೆ ಇದೆ. ನಮ್ಮ ರಾಜ್ಯದ ಹತ್ತನೆಯ ತರಗತಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಒಂದು ಸಂಭಾಷಣೆ ಕೊಟ್ಟು, ಗೆರೆ ಎಳೆದ ವಾಕ್ಯದ 'ಭಾಷಾ ಕಾರ್ಯ' ಯಾವುದೆಂದು ಕೇಳುತ್ತಾರೆ. ವಿನಂತಿಯೋ, ಅನುಮತಿ ಕೇಳುವುದೋ, ಸಲಹೆಯೋ, ಸಹಾಯ ನೀಡಲು ಮುಂದಾಗುವುದೋ? ಯೋಚನೆ ಒಳ್ಳೆಯದೇ. ಭಾಷೆ ಇರುವುದು ಬಳಸಲಿಕ್ಕೆ ಎಂದು ಮಕ್ಕಳಿಗೆ ತಿಳಿಯುತ್ತದೆ. ಆದರೆ ಅಭ್ಯಾಸದ ಪತ್ರಿಕೆ ಬರೆಯುವವರು ಅವಸರದಲ್ಲಿ ಬರೆದಾಗ ಏನಾಗುತ್ತದೆ ನೋಡಿ. "ಕ್ಯಾನ್ ಐ ಹ್ಯಾವ್ ಎ ಗ್ಲಾಸ್ ಆಫ್ ವಾಟರ್?" ಇದು ಅನುಮತಿಯೋ ವಿನಂತಿಯೋ? ಸಾಮಾನ್ಯವಾಗಿ 'ಕ್ಯಾನ್ ಐ' ಎಂದರೆ ಕೆಲಸ ಮಾಡುವವನು ನಾನು, ಆದ್ದರಿಂದ ಅನುಮತಿ; 'ಕ್ಯಾನ್ ಯು' ಎಂದರೆ ಮಾಡುವವರು ನೀವು, ಆದ್ದರಿಂದ ವಿನಂತಿ ಎಂದು ಹೇಳಿಕೊಡುತ್ತೇವೆ. ಆದರೆ ಕಾಪುವಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ನಿಮ್ಮ ಮನೆಗೆ ಬಂದ ಅತಿಥಿ, "ಒಂದು ಗ್ಲಾಸ್ ನೀರು ಸಿಗಬಹುದಾ?" ಎಂದರೆ ನೀವು "ಅನುಮತಿ ಕೊಟ್ಟಿದ್ದೇನೆ" ಎಂದು ಹೇಳಿ ಸುಮ್ಮನೆ ಕೂರುತ್ತೀರಾ? ಒಳಗೆ ಹೋಗಿ ನೀರು ತರುತ್ತೀರಿ. ಅಂದರೆ ಅದು ವಿನಂತಿ. ಎರಡೂ ಆಯ್ಕೆಗಳನ್ನು ಅಕ್ಕಪಕ್ಕ ಇಟ್ಟು ಮಗುವಿಗೆ ಒಂದನ್ನೇ ಆರಿಸು ಎನ್ನುವುದು ನ್ಯಾಯವಲ್ಲ.

ಇಂಗ್ಲಿಷ್ ಪರಭಾಷೆ, ಹಾಗಾಗಿ ಗೊಂದಲ ಎನ್ನುವಿರಾ? ಕನ್ನಡಕ್ಕೆ ಬನ್ನಿ. "ಮರದಿಂದ ಹಣ್ಣು ಬಿತ್ತು." 'ಮರದಿಂದ' ಎಂಬುದು ಯಾವ ವಿಭಕ್ತಿ? ಶಾಲೆಯ ಪಟ್ಟಿಯಲ್ಲಿ 'ಇಂದ' ತೃತೀಯಾ, 'ದೆಸೆಯಿಂದ' ಪಂಚಮೀ. ಪ್ರತ್ಯಯ ನೋಡಿದರೆ ತೃತೀಯಾ. ಆದರೆ ಅದೇ ಪಟ್ಟಿಯ ಪಕ್ಕದ ಅಂಕಣದಲ್ಲಿ ತೃತೀಯಾ ಎಂದರೆ ಸಾಧನ, ಪಂಚಮೀ ಎಂದರೆ ಅಗಲಿಕೆ ಎಂದೂ ಇದೆ. ಹಣ್ಣು ಮರದಿಂದ ಅಗಲಿತಲ್ಲವೇ? ಅರ್ಥ ನೋಡಿದರೆ ಪಂಚಮೀ! ಪ್ರತ್ಯಯ ನೋಡಿ ಬರೆದವಳಿಗೂ ಅರ್ಥ ನೋಡಿ ಬರೆದವಳಿಗೂ ಕಾರಣವಿದೆ. ನಮ್ಮೂರಲ್ಲಿ ಯಾರಾದರೂ "ಮರದ ದೆಸೆಯಿಂದ ಹಣ್ಣು ಬಿತ್ತು" ಎನ್ನುವುದನ್ನು ಕೇಳಿದ್ದೀರಾ? "ನಿನ್ನ ದೆಸೆಯಿಂದ ನನಗೆ ಈ ಗತಿ ಬಂತು" ಎಂದು ಬೈಯುವುದನ್ನು ಮಾತ್ರ ಕೇಳಿರುತ್ತೀರಿ, ಅಲ್ಲಿ ಅಗಲಿಕೆಯ ಮಾತೇ ಇಲ್ಲ.

ಇದರ ಬೇರು ಹಳೆಯದು. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿಗೆ ಹೊಂದಿಸಿ ಬರೆಯುವ ಕ್ರಮ ಹಿಂದಿನಿಂದ ಬಂದದ್ದು. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಂಥ ಮಹತ್ವದ ಗ್ರಂಥವೂ ಆ ಚೌಕಟ್ಟನ್ನು ಪೂರ್ತಿ ಬಿಡಲಿಲ್ಲ. ಸಂಸ್ಕೃತದಲ್ಲಿ ಐದನೆಯ ವಿಭಕ್ತಿಗೆ ಬೇರೆಯೇ ರೂಪಗಳಿವೆ. ಕನ್ನಡದಲ್ಲಿ ಎರಡೂ ಕೆಲಸವನ್ನು 'ಇಂದ' ಒಂದೇ ಮಾಡುತ್ತದೆ. ಐದನೆಯ ಮನೆ ಖಾಲಿ ಉಳಿಯಬಾರದೆಂದು 'ದೆಸೆಯಿಂದ' ಎಂಬುದನ್ನು ತಂದು ಕೂರಿಸಿದ್ದಾಗಿದೆ. ಭಾಷಾ ವಿದ್ವಾಂಸರಾದ ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕವನ್ನೇ ಬರೆದರು. ವಿದ್ವಾಂಸರು ವಾದಿಸುತ್ತಿರುವ ವಿಷಯವನ್ನು ಹದಿನೈದರ ಹುಡುಗಿ ಒಂದು ನಿಮಿಷದಲ್ಲಿ, ಒಂದು ಅಂಕಕ್ಕಾಗಿ ತೀರ್ಮಾನಿಸಬೇಕು! (ಪರೀಕ್ಷೆಯ ಮಟ್ಟಿಗೆ ಹೇಳುವುದಾದರೆ, ವಿಭಕ್ತಿಯ ಪ್ರಶ್ನೆ ಬಂದಾಗ ಪ್ರತ್ಯಯದ ಪಟ್ಟಿಯನ್ನೇ ಹಿಡಿಯಲು ಹೇಳಿ. ಅರ್ಥದ ಹಿಂದೆ ಹೋದರೆ ದಾರಿ ತಪ್ಪುತ್ತದೆ.)

ಹಾಗೆಂದು ಕಷ್ಟದ ಪ್ರಶ್ನೆಗಳೆಲ್ಲ ಕೆಟ್ಟ ಪ್ರಶ್ನೆಗಳು ಎಂದು ನಾನು ಹೇಳುವುದಿಲ್ಲ. 'ಮುಕ್ಕಣ್ಣ' ಯಾವ ಸಮಾಸ ಎಂದು ಕೇಳಿದರೆ, ಮೂರು ಎಂಬ ಸಂಖ್ಯೆ ಕಂಡ ಕೂಡಲೇ ಮಕ್ಕಳು ದ್ವಿಗು ಎಂದು ಬರೆಯುತ್ತಾರೆ. ಉತ್ತರ ಬಹುವ್ರೀಹಿ. ಏಕೆಂದರೆ ಆ ಪದ ಮೂರು ಕಣ್ಣುಗಳನ್ನು ಹೇಳುತ್ತಿಲ್ಲ, ಮೂರು ಕಣ್ಣುಳ್ಳ ಒಬ್ಬನನ್ನು ಹೇಳುತ್ತಿದೆ. ಇದು ಬಲೆಯೇ, ಆದರೆ ನ್ಯಾಯವಾದ ಬಲೆ. ಕಾರಣ ವಿವರಿಸಿದರೆ ಮಗು "ಓ, ಹೌದಲ್ವಾ" ಎನ್ನುತ್ತದೆ. ಒಂದು ಪ್ರಶ್ನೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ನೋಡುವುದು ಇದನ್ನೇ. ಉತ್ತರ ಹೇಳಿದ ಮೇಲೂ ಮಗುವಿನ ಮುಖ ಅರಳದಿದ್ದರೆ ಪ್ರಶ್ನೆಯನ್ನೇ ಸಂಶಯದಿಂದ ನೋಡಬೇಕು.

ಗೈಡ್ ಬರೆಯುವವರು ಮಾತ್ರ ಹೀಗೆ ಎಡವುತ್ತಾರೆ, ದೊಡ್ಡ ಪರೀಕ್ಷೆಗಳಲ್ಲಿ ಹಾಗಾಗುವುದಿಲ್ಲ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ಪಿ.ಎಸ್.ಎ.ಟಿ. ಎಂಬ ಪರೀಕ್ಷೆಯಿದೆ. ಲಕ್ಷಗಟ್ಟಲೆ ಪ್ರೌಢಶಾಲಾ ಮಕ್ಕಳು ಬರೆಯುತ್ತಾರೆ, ವಿದ್ಯಾರ್ಥಿವೇತನವೂ ಅದರ ಮೇಲೆ ನಿಂತಿದೆ. 2002ರ ಅಕ್ಟೋಬರ್‌ನ ಪತ್ರಿಕೆಯಲ್ಲಿ ಲೇಖಕಿ ಟೋನಿ ಮಾರಿಸನ್ ಬಗ್ಗೆ ಒಂದು ವಾಕ್ಯ ಕೊಟ್ಟು, ಅದರಲ್ಲಿ ವ್ಯಾಕರಣದ ತಪ್ಪು ಎಲ್ಲಿದೆ ಎಂದು ಕೇಳಿದ್ದರು. 'ಟೋನಿ ಮಾರಿಸನ್‌ರ ಪ್ರತಿಭೆ ಅವರಿಗೆ ಇಂಥ ಕಾದಂಬರಿ ಬರೆಯುವ ಶಕ್ತಿ ಕೊಟ್ಟಿದೆ' ಎಂಬಂಥ ವಾಕ್ಯ ಅದು. ಪರೀಕ್ಷೆ ನಡೆಸಿದವರ ಉತ್ತರ: ತಪ್ಪು ಎಲ್ಲೂ ಇಲ್ಲ. ಮೇರಿಲ್ಯಾಂಡ್ ರಾಜ್ಯದ ಕೆವಿನ್ ಕೀಗನ್ ಎಂಬ ಶಾಲಾ ಶಿಕ್ಷಕರು ಇದನ್ನು ಒಪ್ಪಲಿಲ್ಲ. 'ಹರ್' ಎಂಬ ಸರ್ವನಾಮ ಯಾರನ್ನು ಸೂಚಿಸುತ್ತದೆ? ವಾಕ್ಯದಲ್ಲಿ 'ಮಾರಿಸನ್' ಎಂಬ ನಾಮಪದ ಇಲ್ಲ, 'ಮಾರಿಸನ್ಸ್' ಎಂಬ ಷಷ್ಠೀ ರೂಪ ಮಾತ್ರ ಇದೆ. ಷಷ್ಠೀ ರೂಪವನ್ನು ಸರ್ವನಾಮ ಸೂಚಿಸಬಾರದೆಂದು ಕೆಲವು ವ್ಯಾಕರಣ ಪುಸ್ತಕಗಳೇ ಹೇಳುತ್ತವೆ ಎಂದು ಪತ್ರದ ಮೇಲೆ ಪತ್ರ ಬರೆದರು. ತಿಂಗಳುಗಟ್ಟಲೆ ವಾದ ನಡೆಯಿತು. ಕೊನೆಗೆ 2003ರಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟು ಅಂಕಗಳನ್ನು ಮತ್ತೆ ಲೆಕ್ಕಹಾಕಿದರು. ಅದರ ನಂತರ ಬಂದ ತಮಾಷೆ ಏನೆಂದರೆ, ಹಲವು ಭಾಷಾ ವಿದ್ವಾಂಸರು "ಆ ನಿಯಮವೇ ಸುಳ್ಳು, ವಾಕ್ಯ ಸರಿಯಾಗಿಯೇ ಇತ್ತು" ಎಂದರು! ಮಾರಿಸನ್ 1993ರಲ್ಲಿ ಸಾಹಿತ್ಯದ ನೊಬೆಲ್ ಪಡೆದವರು. ಅವರ ಹೆಸರಿನ ವಾಕ್ಯ ಸರಿಯೋ ತಪ್ಪೋ ಎಂದು ಇಡೀ ಒಂದು ದೇಶಕ್ಕೆ ತೀರ್ಮಾನಿಸಲಾಗಲಿಲ್ಲ. ಕಾರ್ಕಳದ ಹುಡುಗಿ ಪೆನ್ಸಿಲ್ ಎಸೆದದ್ದರಲ್ಲಿ ಏನು ಆಶ್ಚರ್ಯ?

ನಮ್ಮಲ್ಲೂ ಆಗಿದೆ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳಲ್ಲಿ ಭಾಷಾಂತರದ ದೋಷಗಳು ತುಂಬಿದ್ದವು. ಇಂಗ್ಲಿಷ್‌ನಲ್ಲಿ ಕೇಳಿದ್ದು ಒಂದು, ಕನ್ನಡದಲ್ಲಿ ಓದಿದರೆ ಇನ್ನೊಂದು. ಕನ್ನಡದಲ್ಲಿ ಓದಿ ಬಂದ ಹಳ್ಳಿಯ ಅಭ್ಯರ್ಥಿಗಳು ಪ್ರತಿಭಟಿಸಿದರು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮರುಪರೀಕ್ಷೆಗೆ ಸೂಚಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆದಾಗ ಮತ್ತೆ ಅದೇ ದೂರು! ರಾಜ್ಯಭಾಷೆಯಲ್ಲಿ ಪ್ರಶ್ನೆ ಕೇಳಲು ರಾಜ್ಯದ ಆಯೋಗಕ್ಕೇ ಎರಡು ಸಲ ಕಷ್ಟವಾಯಿತೆಂದರೆ ಸಿಟ್ಟು ಬರುವುದಿಲ್ಲವೇ? ನನಗಂತೂ ಬಂದಿದೆ.

ಮದ್ರಸದಲ್ಲಿ ನಹ್ವ್ ಅಂದರೆ ಅರಬಿ ವಾಕ್ಯಶಾಸ್ತ್ರ ಓದಿದವರಿಗೆ ಸೀಬವೈಹಿಯ ಹೆಸರು ಗೊತ್ತಿರುತ್ತದೆ. ಪರ್ಶಿಯಾದಿಂದ ಬಸ್ರಾಕ್ಕೆ ಬಂದು, ಖಲೀಲ್ ಬಿನ್ ಅಹ್ಮದ್ ಎಂಬ ಮಹಾಗುರುವಿನ ಬಳಿ ಕಲಿತ ಎಂಟನೆಯ ಶತಮಾನದ ವಿದ್ವಾಂಸ. ಮನೆಮಾತು ಅರಬಿ ಅಲ್ಲ. ಆದರೂ ಅರಬಿ ವ್ಯಾಕರಣಕ್ಕೆ ಅವರು ಬರೆದ ಗ್ರಂಥ ಎಷ್ಟು ದೊಡ್ಡದೆಂದರೆ ಅದನ್ನು 'ಅಲ್ ಕಿತಾಬ್' ಅಂದರೆ 'ಪುಸ್ತಕ' ಎಂದಷ್ಟೇ ಕರೆಯುತ್ತಾರೆ. ಅಂಥವರನ್ನು ಬಗ್ದಾದಿನಲ್ಲಿ ಹಾರೂನ್ ರಶೀದರ ಮಂತ್ರಿ ಯಹ್ಯಾ ಬರ್ಮಕಿಯ ಸಭೆಯಲ್ಲಿ ಕೂಫಾದ ವಿದ್ವಾಂಸ ಕಿಸಾಈ ಅವರೆದುರು ಕೂರಿಸಿದರು. ಕಿಸಾಈ ಸಾಮಾನ್ಯರಲ್ಲ, ಕುರ್‌ಆನ್ ಪಾರಾಯಣದ ಏಳು ಪ್ರಸಿದ್ಧ ಇಮಾಮರಲ್ಲಿ ಒಬ್ಬರು. ಕೇಳಿದ ಪ್ರಶ್ನೆ ಹೀಗಿತ್ತು: 'ಚೇಳಿನ ಕುಟುಕು ಕಣಜದ ಕುಟುಕಿಗಿಂತ ಜೋರೆಂದು ಭಾವಿಸಿದ್ದೆ, ನೋಡಿದರೆ ಇದೂ ಅದೇ' ಎಂಬ ವಾಕ್ಯದ ಕೊನೆಯಲ್ಲಿ 'ಹುವ ಹಿಯ' ಎನ್ನಬೇಕೋ 'ಹುವ ಇಯ್ಯಾಹಾ' ಎನ್ನಬೇಕೋ? ಸೀಬವೈಹಿ ಮೊದಲನೆಯದು ಮಾತ್ರ ಸರಿ ಎಂದರು. ಕಿಸಾಈ ಎರಡೂ ಸರಿ ಎಂದರು. ತೀರ್ಪು ಹೇಳುವವರು ಯಾರು? ಬಾಗಿಲಲ್ಲಿದ್ದ ಬದವಿ ಅರಬರನ್ನು ಒಳಗೆ ಕರೆದರು. ಅವರು ಕಿಸಾಈ ಪರ ಮಾತನಾಡಿದರು. ಅವರಿಗೆ ಮೊದಲೇ ಹೇಳಿಕೊಟ್ಟಿದ್ದರು ಎಂಬ ವರದಿಯೂ ಇದೆ. ಸೀಬವೈಹಿ ಮನನೊಂದು ಪರ್ಶಿಯಾಕ್ಕೆ ಮರಳಿದರು, ಹೆಚ್ಚು ಕಾಲ ಬದುಕಲಿಲ್ಲ ಎಂದು ಗ್ರಂಥಗಳು ಹೇಳುತ್ತವೆ. ನಂತರದ ವೈಯಾಕರಣರಲ್ಲಿ ಹೆಚ್ಚಿನವರು ಅವರ ಪರವಾಗಿಯೇ ಬರೆದರು. ಅರಬಿ ವ್ಯಾಕರಣದಲ್ಲಿ ಇಂದಿಗೂ ಇದಕ್ಕೆ 'ಕಣಜದ ಸಮಸ್ಯೆ' ಎಂದೇ ಹೆಸರು.

ವಿಚಿತ್ರವೆಂದರೆ ಇಂಗ್ಲಿಷ್ ಗೈಡುಗಳಲ್ಲಿ ಬರುವ 'ಇಟ್ ಈಸ್ ಐ' ಸರಿಯೋ 'ಇಟ್ ಈಸ್ ಮಿ' ಸರಿಯೋ ಎಂಬ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಪ್ರಥಮಾ ರೂಪ ಬರಬೇಕೋ ದ್ವಿತೀಯಾ ರೂಪ ಬರಬೇಕೋ? ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ಕಣಜ ಹಾರಿ ಬಂದು ನಮ್ಮ ಮಕ್ಕಳ ಅಭ್ಯಾಸ ಪುಸ್ತಕದ ಮೇಲೆ ಕೂತಿದೆ!

ಈಗ ನಮ್ಮ ಮನೆಗಳ ಸಂಗತಿಗೆ ಬರೋಣ. ನಮ್ಮ ಕರಾವಳಿಯ ಮುಸ್ಲಿಂ ಮಗು ಎಷ್ಟು ಭಾಷೆಗಳ ನಡುವೆ ಬೆಳೆಯುತ್ತದೆ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಬೈಂದೂರು ಕಡೆಯಾದರೆ ನವಾಯತಿ. ಬಸ್ಸಿನಲ್ಲಿ, ಮೀನಿನ ಮಾರ್ಕೆಟಿನಲ್ಲಿ ತುಳು. ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್. ಬೆಳಗ್ಗಿನ ಮದ್ರಸದಲ್ಲಿ ಅರಬಿ. ಇಷ್ಟರಲ್ಲಿ ಒಂದರ ನಿಯಮ ಇನ್ನೊಂದರಲ್ಲಿ ನಡೆಯುವುದಿಲ್ಲ. ಉರ್ದುವಿನಲ್ಲಿ ಕುರ್ಚಿಯೂ ಸ್ತ್ರೀಲಿಂಗ. ಕನ್ನಡದಲ್ಲಿ ಅದು ನಪುಂಸಕ. ಕನ್ನಡದಲ್ಲಿ ಯಾವ ವಾಕ್ಯದ ಕೊನೆಗೂ 'ಅಲ್ವಾ?' ಸೇರಿಸಿದರೆ ಸಾಕು, ಉರ್ದುವಿನಲ್ಲಿ 'ಹೈ ನಾ?' ಎಂದರೆ ಸಾಕು. ಇಂಗ್ಲಿಷ್‌ನಲ್ಲಿ ಮಾತ್ರ ಪ್ರತಿ ವಾಕ್ಯಕ್ಕೂ ಬೇರೆ ಬಾಲ. 'ಐ ಆಮ್' ಎಂದು ಆರಂಭಿಸಿದರೆ 'ಆರಂಟ್ ಐ' ಎಂದು ಮುಗಿಸಬೇಕು. ಅದಕ್ಕೇ ನಮ್ಮ ಮಕ್ಕಳು ಎಲ್ಲದಕ್ಕೂ 'ಈಸಿಂಟ್ ಇಟ್' ಎನ್ನುತ್ತಾರೆ. ಅದು ದಡ್ಡತನವಲ್ಲ, 'ಅಲ್ವಾ'ವನ್ನು ಇಂಗ್ಲಿಷಿಗೆ ಒಯ್ಯುವ ಬುದ್ಧಿವಂತಿಕೆ. ಅಲ್ಲಿ ಅದು ನಡೆಯುವುದಿಲ್ಲ, ಅಷ್ಟೆ. "ನನಗೆ ಉಡುಪಿಗೆ ಹೋಗ್ಲಿಕ್ಕುಂಟು" ಎಂದು ನಿರರ್ಗಳವಾಗಿ ಮಾತನಾಡುವ ಮಗು ಪರೀಕ್ಷೆಯಲ್ಲಿ 'ಉಂಟು' ಬರೆಯಲು ಹಿಂಜರಿಯುತ್ತದೆ. ನಾಲ್ಕೈದು ಭಾಷೆಗಳನ್ನು ನಾಲಗೆಯ ಮೇಲೆ ಹೊತ್ತ ಮಗುವಿಗೆ ಭಾಷೆ ಬರುವುದಿಲ್ಲ ಎಂದರೆ ಏನರ್ಥ?

ತಾಯಂದಿರೇ, ನಿಮಗೂ ವ್ಯಾಕರಣ ಗೊತ್ತಿದೆ. ಎರಡು ವರ್ಷದ ಮಗು ತಪ್ಪು ಕ್ರಿಯಾಪದ ಹೇಳಿದರೆ ನೀವು ಅಡುಗೆಮನೆಯಿಂದಲೇ ತಿದ್ದುತ್ತೀರಿ. ನಿಮಗೆ ಗೊತ್ತಿಲ್ಲದ್ದು ಹೆಸರುಗಳು ಮಾತ್ರ.

ತಿದ್ದುವ ಬಗೆಗೂ ಒಂದು ಮಾತಿದೆ. ಅರಬಿ ವ್ಯಾಕರಣ ಹೇಗೆ ಹುಟ್ಟಿತೆಂಬುದಕ್ಕೆ ಅಬುಲ್ ಅಸ್ವದ್ ಅದ್ದುಅಲಿ ಅವರ ಮಗಳ ಕಥೆ ಹೇಳುತ್ತಾರೆ. ಒಂದು ರಾತ್ರಿ ಹುಡುಗಿ ಆಕಾಶ ನೋಡಿ 'ಆಕಾಶ ಎಷ್ಟು ಚೆಂದ!' ಎನ್ನಲು ಹೋಗಿ, ಒಂದು ಸ್ವರ ತಪ್ಪಿ 'ಆಕಾಶದಲ್ಲಿ ಅತಿ ಚೆಂದದ್ದು ಯಾವುದು?' ಎಂದುಬಿಟ್ಟಳಂತೆ. ತಂದೆ "ಅದರ ನಕ್ಷತ್ರಗಳು ಮಗಳೇ" ಎಂದು ಉತ್ತರಿಸಿದರು. "ನಾನು ಕೇಳಿದ್ದಲ್ಲ ಅಬ್ಬಾ, ಬೆರಗುಪಟ್ಟೆ" ಎಂದಳು. "ಹಾಗಾದರೆ ಹೀಗೆ ಹೇಳು" ಎಂದು ಸ್ವರ ತಿದ್ದಿದರು. ಗಮನಿಸಿ, ಮೊದಲು ಅವಳ ಮಾತಿಗೆ ಉತ್ತರ ಕೊಟ್ಟರು, ಏನು ಹೇಳಲು ಹೊರಟಿದ್ದಾಳೆಂದು ಕೇಳಿದರು, ಆಮೇಲೆ ತಿದ್ದಿದರು. ಕೆಂಪು ಪೆನ್ನು ಮೊದಲು ಬರಲಿಲ್ಲ.

ಹಾಗಾಗಿ ಅಭ್ಯಾಸ ಪತ್ರಿಕೆ ಮಾಡಿಸುವಾಗ ಒಂದು ಕೆಲಸ ಮಾಡಿ. ಉತ್ತರಕ್ಕೆ ಗುರುತು ಹಾಕಿದ ಕೂಡಲೇ ಪಕ್ಕದಲ್ಲಿ 'ಯಾಕೆ' ಎಂದು ನಾಲ್ಕು ಪದ ಬರೆಯಲು ಮಗಳಿಗೆ ಹೇಳಿ. ಆಮೇಲಷ್ಟೇ ಹಿಂದಿನ ಪುಟ ತೆರೆಯಲಿ. ಉತ್ತರ ತಪ್ಪಿ ಕಾರಣವೂ ತಪ್ಪಿದ್ದರೆ ಆ ಪಾಠವನ್ನು ಮತ್ತೆ ಓದಬೇಕು. ಉತ್ತರ ತಪ್ಪಿದರೂ ಕಾರಣ ಸರಿ ಕಂಡರೆ ಆ ಪ್ರಶ್ನೆಯನ್ನು ಬೇರೆ ನೋಟ್‌ಬುಕ್ಕಿಗೆ ಬರೆದಿಡಲಿ. ನಮ್ಮ ಮಕ್ಕಳು ಅದಕ್ಕೆ 'ಜಗಳದ ಪುಸ್ತಕ' ಎಂದು ಹೆಸರಿಟ್ಟಿದ್ದಾರೆ. ವಾರಕ್ಕೊಮ್ಮೆ ಅದನ್ನು ಶಾಲೆಯ ಟೀಚರ್ ಹತ್ತಿರ ಒಯ್ದು ಕೇಳಲಿ. ಪಠ್ಯಪುಸ್ತಕದ ವ್ಯಾಕರಣ ಭಾಗ ಏನು ಹೇಳುತ್ತದೆ ಎಂಬುದೇ ಪರೀಕ್ಷೆಗೆ ಮುಖ್ಯ, ಗೈಡ್ ಹೇಳುವುದಲ್ಲ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ದುಡ್ಡು ಕೊಟ್ಟು ತಂದ ಹತ್ತು ಗೈಡಿಗಿಂತ ಅವು ಮೇಲು. ಪರೀಕ್ಷೆಯ ನಂತರ ಮಂಡಳಿ ಮಾದರಿ ಉತ್ತರಗಳನ್ನು ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು ಕೆಲವು ದಿನ ಅವಕಾಶ ಕೊಡುತ್ತದೆ ಎಂಬುದೂ ನೆನಪಿರಲಿ. ಆಕ್ಷೇಪಣೆ ಎಂದರೆ ಜಗಳವಲ್ಲ, ಹಕ್ಕು. ಮೇರಿಲ್ಯಾಂಡಿನ ಆ ಶಿಕ್ಷಕರು ಮಾಡಿದ್ದೂ ಅದನ್ನೇ.

2021ರ ಜುಲೈಯಲ್ಲಿ ಕೊರೊನಾ ಕಾರಣದಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನೇ ಎರಡು ದಿನಕ್ಕಿಳಿಸಿ, ಒಂದೊಂದು ವಿಷಯಕ್ಕೆ 40 ಬಹು ಆಯ್ಕೆಯ ಪ್ರಶ್ನೆ ಕೊಟ್ಟು, ಓ.ಎಂ.ಆರ್. ಹಾಳೆಯಲ್ಲಿ ವೃತ್ತ ತುಂಬಿಸಿದ್ದರು. ಆ ವರ್ಷ ಮಾಡಿದ ಅಭ್ಯಾಸದ ಕಟ್ಟುಗಳು ಇನ್ನೂ ಕೈಯಿಂದ ಕೈಗೆ ದಾಟುತ್ತಿವೆ. ಅದು ಆ ವರ್ಷದ ಮಾತು. ಈಗ ಭಾಷೆಯ ಪತ್ರಿಕೆಯಲ್ಲಿ ಪತ್ರ, ಪ್ರಬಂಧ, ಗದ್ಯಭಾಗ ಓದಿ ಉತ್ತರಿಸುವುದು, ಪದ್ಯದ ಸಾರಾಂಶ ಇವೆಲ್ಲ ಇವೆ. ಅಂಕಗಳ ದೊಡ್ಡ ಪಾಲು ಅಲ್ಲೇ. ಅರ್ಜಿ ಬರೆಯಬಲ್ಲ ಹುಡುಗಿಗೆ ಅವು ಕಷ್ಟವೇ ಅಲ್ಲ. ವ್ಯಾಕರಣದ ನಾಲ್ಕು ಪ್ರಶ್ನೆಗೆ ನಾಲ್ಕು ಗಂಟೆ ಕೊಟ್ಟು, ಪತ್ರಲೇಖನಕ್ಕೆ ಹತ್ತು ನಿಮಿಷ ಕೊಡುವ ಅಭ್ಯಾಸ ಬಿಡಿ.

ಹೊರಗಿನ ಪ್ರಪಂಚವೂ ಇಂಥ ಪ್ರಶ್ನೆಗಳನ್ನು ನಿಧಾನವಾಗಿ ಬಿಡುತ್ತಿದೆ. ಟೋಫೆಲ್ ಪರೀಕ್ಷೆ 2005ರಲ್ಲಿ ಕಂಪ್ಯೂಟರ್ ಜಾಲದ ಹೊಸ ರೂಪಕ್ಕೆ ಬಂದಾಗ ಪ್ರತ್ಯೇಕ ವ್ಯಾಕರಣ ವಿಭಾಗವನ್ನೇ ಕೈಬಿಟ್ಟಿತು. ಕಾನೂನು ಶಿಕ್ಷಣದ ಕ್ಲಾಟ್ ಪರೀಕ್ಷೆ 2020ರಿಂದ ಓದಿ ಅರ್ಥಮಾಡಿಕೊಳ್ಳುವ ಪ್ರಶ್ನೆಗಳಿಗೆ ತಿರುಗಿತು. 2023ರಲ್ಲಿ ಜಿ-ಮ್ಯಾಟ್‌ನವರು ವಾಕ್ಯ ತಿದ್ದುವ ಪ್ರಶ್ನೆಗಳನ್ನು ತೆಗೆದರು. ಇದನ್ನು ತಿಳಿಯದೆ ಶ್ರಮಪಡುವವರೂ ಇದ್ದಾರೆ. ಕಾಪುವಿನ ಒಬ್ಬಳು ತಂಗಿ ಮಣಿಪಾಲದಲ್ಲಿ ನರ್ಸಿಂಗ್ ಮುಗಿಸಿ ಐ.ಇ.ಎಲ್.ಟಿ.ಎಸ್. ಪರೀಕ್ಷೆಗೆ ತಯಾರಿ ನಡೆಸುತ್ತಿದ್ದಾಳೆ. ಎರಡು ತಿಂಗಳಿನಿಂದ 'ಸರಿಯಾದ ಪದ ಆರಿಸಿ' ಎಂಬ ದಪ್ಪ ಪುಸ್ತಕ ಹಿಡಿದು ಕೂತಿದ್ದಳು. ಆ ಪರೀಕ್ಷೆಯಲ್ಲಿ ವ್ಯಾಕರಣಕ್ಕೆ ಪ್ರತ್ಯೇಕ ವಿಭಾಗವೇ ಇಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಈ ನಾಲ್ಕೇ. ವ್ಯಾಕರಣವನ್ನು ನೋಡುವುದು ನೀವು ಬರೆದದ್ದರಲ್ಲಿ ಮತ್ತು ಮಾತನಾಡಿದ್ದರಲ್ಲಿ. ಪುಸ್ತಕ ಮುಚ್ಚಿ ದಿನಕ್ಕೊಂದು ಪುಟ ಬರೆ, ಅಕ್ಕನ ಜೊತೆ ಅರ್ಧ ಗಂಟೆ ಇಂಗ್ಲಿಷ್‌ನಲ್ಲಿ ಮಾತನಾಡು ಎಂದು ಹೇಳಿದ್ದೇನೆ. ಮಣಿಪಾಲದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬರೆಯುವವರ ವಿಷಯ ಬೇರೆ. ಅದರಲ್ಲಿ ಇಂಗ್ಲಿಷ್ ಪ್ರಶ್ನೆಗಳು ಇವೆ, ಆದರೆ ಭೌತಶಾಸ್ತ್ರ, ಗಣಿತಗಳ ಎದುರು ಅವುಗಳ ಸಂಖ್ಯೆ ಸಣ್ಣದು.

ಇನ್ನು ಕಾರ್ಕಳದ ತಂದೆಯವರಿಗೆ. ಸಹೋದರರೇ, ಈ ಪುಟವನ್ನು ನಿಮ್ಮ ಪತ್ನಿ ಫೋನಿನಲ್ಲಿ ಓದಿ ಹೇಳುತ್ತಾರೆ. ನಿಮ್ಮ ಮಗಳಿಗೆ 20ರಲ್ಲಿ 9 ಬಂದದ್ದಲ್ಲ. ಪ್ರಶ್ನೆಯೇ ಕೆಟ್ಟಿದ್ದ ನಾಲ್ಕನ್ನು ಬದಿಗಿಟ್ಟರೆ ಉಳಿದ 16ರಲ್ಲಿ 9 ಸರಿ, ಅವಸರ ಬಿಟ್ಟರೆ 12. ಅವಳಿಗೆ ಕಲಿಯಲು ಉಳಿದಿರುವುದು ಕರ್ಮಣಿ ಪ್ರಯೋಗ. ಅದಕ್ಕೆ ಒಂದು ವಾರ ಸಾಕು. ಉಡುಪಿ ಜಿಲ್ಲೆ 2024ರ ಎಸ್.ಎಸ್.ಎಲ್.ಸಿ.ಯಲ್ಲೂ 2025ರ ದ್ವಿತೀಯ ಪಿ.ಯು.ಸಿ.ಯಲ್ಲೂ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಜಿಲ್ಲೆ. ಇಲ್ಲಿನ ಶಾಲೆಗಳಲ್ಲಿ ಕೇಳಿದರೆ ಹೇಳಿಕೊಡುವವರಿದ್ದಾರೆ. ಒಂದು ವಾರದ ಪಾಠಕ್ಕಾಗಿ ಅವಳ ಎರಡು ವರ್ಷದ ಕಾಲೇಜನ್ನು ಕಿತ್ತುಕೊಳ್ಳಬೇಡಿ. ಇನ್ನೊಂದು ವಿಚಾರ. ನಿಮಗೆ ಬರುವ ಕಂಪೆನಿಯ ಇಂಗ್ಲಿಷ್ ಕಾಗದವೊಂದನ್ನು ಫೋನಿನಲ್ಲಿ ಕಳುಹಿಸಿ, ಏನು ಬರೆದಿದೆಯೆಂದು ಅವಳ ಹತ್ತಿರ ಕೇಳಿ ನೋಡಿ.

ಕೊನೆಗೆ, ಬಿ.ಎಡ್. ಮುಗಿಸಿ ಮನೆಯಲ್ಲಿರುವ ಉಡುಪಿಯ ಸಹೋದರಿಯೊಬ್ಬರು ಶಿಕ್ಷಕರ ಅರ್ಹತಾ ಪರೀಕ್ಷೆಯ ಬಗ್ಗೆ ಕೇಳಿದ್ದರು. ಅದರಲ್ಲಿ ಒಟ್ಟು 150 ಪ್ರಶ್ನೆ, ಭಾಷೆ ಒಂದು ಮತ್ತು ಭಾಷೆ ಎರಡಕ್ಕೆ ತಲಾ 30. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಂಡರೆ ಅಲ್ಲೇ ನಿಲ್ಲಬೇಡಿ, ಒಂದಕ್ಕೆ ಗುರುತು ಹಾಕಿ ಮುಂದೆ ಹೋಗಿ. ಜಗಳದ ಪುಸ್ತಕಕ್ಕೆ ಅದನ್ನು ಮನೆಗೆ ಬಂದ ಮೇಲೆ ಬರೆದರಾಯಿತು. ಬೇರೆ ಯಾರ ಬಳಿಯಾದರೂ ಇಂಥ ಪ್ರಶ್ನೆಗಳಿದ್ದರೆ ಹಾಳೆಯ ಸಮೇತ ಕಳುಹಿಸಿ. ಗೈಡಿನ ಉತ್ತರವನ್ನೂ ಮಗುವಿನ ಉತ್ತರವನ್ನೂ ಎರಡನ್ನೂ ಬರೆಯಿರಿ, ಮುಂದಿನ ಸಂಚಿಕೆಗಳಲ್ಲಿ ನೋಡೋಣ.